ಆಚೆ ದಡದ ಬಿಳಿ ಚುಕ್ಕಿ

ನಾನು ಚಿಕ್ಕವನಿದ್ದಾಗ ನಮ್ಮ ರಾಯದುರ್ಗದ ಓಣಿಯಲ್ಲಿ ಹಡಗು ಕಂಡವರು ಒಬ್ಬರೂ ಇರಲಿಲ್ಲ. ಹಡಗಿನ ಮಾತಿರಲಿ, ದೋಣಿ ಕಂಡವರೂ ಇರಲಿಲ್ಲ. ನೀರೆಂದರೆ ನಮಗೆ ಬಾವಿಯ ತಳದಲ್ಲಿ ಮಿನುಗುವ ವಸ್ತು. ಹಗ್ಗ ಬಿಟ್ಟು ಎಳೆದುಕೊಂಡರೆ ಮನೆಗೆ ಬರುತ್ತಿತ್ತು. ಅದರ ಮೇಲೆ ಮನುಷ್ಯರು ಕೂತು ಊರಿಂದ ಊರಿಗೆ ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ಅವ್ವ ನಗುತ್ತಿದ್ದಳು. ಅಂಥ ಊರಿನವರಾದ ನಾವು ಒಂದು ದಿನ ನೀರಿನ ಮೇಲೆ ಹೊರಟೆವು. ಆ ದಿನ ನೆನಪಾದಾಗಲೆಲ್ಲ ನಾನು ಈಗಲೂ ಎಡಗೈಯ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತೇನೆ. ನಮ್ಮ ಅಕ್ಕ ಅಲ್ಲಿಯೇ ಹಿಡಿದುಕೊಂಡಿದ್ದಳು.

ನಮ್ಮ ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗಾಯಿತೆಂದರೆ ಹೊಲಿಗೆ ಮಷೀನಿನ ಸದ್ದು, ಮಷೀನಿಗೆ ಬಿಟ್ಟ ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ. ಅಕ್ಕ ಗುಂಡಿ ಹಚ್ಚುತ್ತಿದ್ದಳು, ಗುಂಡಿ ತೂರುವ ಕಾಜಾ ಮಾಡುತ್ತಿದ್ದಳು, ಅಪ್ಪ ಊಟಕ್ಕೆ ಎದ್ದರೆ ಮಷೀನನ್ನೂ ತುಳಿಯುತ್ತಿದ್ದಳು. ಅವಳಿಗೆ ಬಾರದ ಕೆಲಸವೇ ಇರಲಿಲ್ಲ. ಆದರೆ ಅಲುಗಾಡುವ ಯಾವುದರ ಮೇಲೂ ಕೂರಲು ಮಾತ್ರ ಅವಳಿಂದ ಆಗುತ್ತಿರಲಿಲ್ಲ. ಬಸ್ಸು ಊರು ದಾಟುವ ಮೊದಲೇ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು, ಬಾಯಲ್ಲಿ ನೀರೂರುತ್ತಿತ್ತು, ಆಮೇಲೆ ಕಿಟಕಿ ಪಕ್ಕದವರು ಎದ್ದು ಜಾಗ ಬಿಡಬೇಕಾಗುತ್ತಿತ್ತು. ಎತ್ತಿನ ಬಂಡಿಯಲ್ಲೂ ಅದೇ ಕತೆ. ಪಂಚಮಿ ಹಬ್ಬಕ್ಕೆ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗ ಎಲ್ಲ ಹುಡುಗಿಯರೂ ಮುಗಿಲು ಮುಟ್ಟುವಂತೆ ಜೀಕಿದರೆ, ಅಕ್ಕ ಕೆಳಗೆ ನಿಂತು ಅವರ ಬಳೆಗಳನ್ನು ಕಾಯುತ್ತಿದ್ದಳು. ನೋಡಿದರೇ ತಲೆ ತಿರುಗುತ್ತದೆ ಎಂದು ಮುಖವನ್ನೂ ಆ ಕಡೆ ತಿರುಗಿಸಿಕೊಂಡಿರುತ್ತಿದ್ದಳು.

ಅಕ್ಕನ ಮದುವೆ ಆದದ್ದು ಬೇಸಿಗೆಯಲ್ಲಿ. ಗಂಡಿನ ಊರು ಭೈರವಾನಿತಿಪ್ಪದ ಡ್ಯಾಮಿನ ನೀರಿನ ಆಚೆ ದಡದಲ್ಲಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಹಗರಿ ಹೊಳೆಯ ಮರಳು ಬಯಲಾಗುತ್ತಿದ್ದುದರಿಂದ ಮದುವೆಯ ಲಾರಿ ಮರಳಿನಲ್ಲೇ ಹೊಯ್ದಾಡಿಕೊಂಡು ದಾಟಿತು. ಅಕ್ಕನ ಸೀರೆಯ ಮಡಿಲಲ್ಲಿ ಉಡಿ ಇತ್ತು. ಉಡಿ ಎಂದರೆ ತವರಿನಿಂದ ಹೊರಡುವ ಹೆಣ್ಣುಮಗಳ ಮಡಿಲಿಗೆ ತಾಯಿ ತುಂಬುವ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು, ಕುಪ್ಪಸದ ಬಟ್ಟೆ. ಅದನ್ನು ಹಾಗೆಯೇ ಹೊತ್ತುಕೊಂಡು ಹೋಗಿ ಗಂಡನ ಮನೆಯ ದೇವರ ಮುಂದೆ ಬಿಚ್ಚಬೇಕು. ಅಕ್ಕ ಎಷ್ಟು ಹೊತ್ತು ತಡೆದುಕೊಂಡಳೋ ಗೊತ್ತಿಲ್ಲ. ಮರಳಿನ ನಡುವೆ ಅವಳ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬಂತು. ಉಡಿ ಹೊಲಸಾಯಿತು. ಲಾರಿಯ ಮೂಲೆಯಲ್ಲಿ ಬಿಳಿ ಸೀರೆ ಉಟ್ಟು ಕೂತಿದ್ದ ಅವಳ ಅತ್ತೆಯ ಮೇಲೂ ಬಿತ್ತು. ಹೊಸ ಸೊಸೆ ಬರಿಯ ಮಡಿಲಿನಲ್ಲಿ ಹೊಸಿಲು ದಾಟಿದಳು.

ಅತ್ತೆ ಒಂದು ಮಾತೂ ಆಡಲಿಲ್ಲ. ಸೀರೆ ಒರೆಸಿಕೊಂಡು ಸುಮ್ಮನೆ ಕೂತರು. ಅಕ್ಕನಿಗೆ ಹೆದರಿಕೆ ಹುಟ್ಟಿದ್ದೇ ಆ ಮೌನದಿಂದ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ಊರಿನ ಹೆಂಗಸರು ಮಾತ್ರ ಬಾಯಿಗೆ ಬೀಗ ಹಾಕಲಿಲ್ಲ. ಅಕ್ಕನಿಗೆ 'ಕಾರೋ ಸೊಸಿ', ಅಂದರೆ ವಾಂತಿ ಮಾಡುವ ಸೊಸೆ, ಎಂದು ಹೆಸರಿಟ್ಟರು. ತುಂಬಿದ ಉಡಿ ದಾರಿಯಲ್ಲೇ ಕೆಟ್ಟಿತೆಂದರೆ ಆ ಹೆಣ್ಣು ಮನೆಗೆ ಆಗಿಬರುವುದಿಲ್ಲ ಎಂದು ನೀರಿನ ಕಟ್ಟೆಯ ಹತ್ತಿರ ಮಾತಾಡಿಕೊಂಡರು. ಅದು ಅಕ್ಕನ ಕಿವಿಗೂ ಬಿತ್ತು.

ಆಷಾಢಕ್ಕೆ ತವರಿಗೆ ಬಂದ ಅಕ್ಕ ಪಂಚಮಿ ಮುಗಿಸಿ ಮತ್ತೆ ಹೊರಡಬೇಕಿತ್ತು. ಹಬ್ಬಕ್ಕೆ ಮುಂಚೆ ಆ ಊರಿನಿಂದ ಸಂತೆಗೆ ಬಂದ ಒಬ್ಬರು ನಮ್ಮ ಅಂಗಡಿಯ ಮುಂದೆ ನಿಂತು, "ನಿಮ್ಮ ಬೀಗತಿ ಹೇಳಿ ಕಳಿಸ್ಯಾರ. ಈ ಸಲ ಉಡಿ ಜ್ವಾಪಾನ ಅಂತ ಹೇಳ್ರಿ ಅಂದಾರ" ಎಂದು ಹೇಳಿ ಹೋದರು. ಅಕ್ಕ ಆಗ ಒಂದು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಸೂಜಿ ಅಲ್ಲೇ ನಿಂತಿತು. ಇನ್ನೊಂದು ಸಲ ಉಡಿ ಕೆಟ್ಟರೆ ಆ ಮನೆಯಲ್ಲಿ ತನಗೆ ಜಾಗವಿಲ್ಲ ಎಂದು ಅವಳು ಆ ಕ್ಷಣದಲ್ಲೇ ನಂಬಿಬಿಟ್ಟಳು. ಆಮೇಲೆ ಅವಳು ಸರಿಯಾಗಿ ಊಟ ಮಾಡಿದ್ದನ್ನು ನಾನು ಕಾಣಲಿಲ್ಲ.

ಅಷ್ಟರಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಹಿಡಿದು ಹಗರಿಗೆ ನೀರು ಬಂತು. ಡ್ಯಾಮಿನಲ್ಲಿ ನೀರು ಏರಿ ಮರಳಿನ ದಾರಿ ಮುಳುಗಿತು. ಬಸ್ಸಿಗೆ ಹೋಗಬೇಕೆಂದರೆ ಊರೂರು ಸುತ್ತಿಕೊಂಡು ದಿನವೆಲ್ಲ ಕುಲುಕಿಸಿಕೊಳ್ಳಬೇಕು. ಅಪ್ಪ ಕತ್ತರಿ ಕೆಳಗಿಟ್ಟು, ಗುರುತು ಹಾಕುವ ಸೀಮೆಸುಣ್ಣವನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಯೋಚಿಸಿದ. ಆಮೇಲೆ, "ಹರಿಗೋಲಿನ್ಯಾಗ ಹೋಗೋಣು" ಎಂದ.

"ನೀರಿನ ಮ್ಯಾಲ?" ಎಂದಳು ಅವ್ವ.

"ನೀರಿನ ಮ್ಯಾಲನ. ಈಗ ನೋಡು, ವಾಂತಿ ಯಾಕ ಬರ್ತೈತಿ? ತಗ್ಗು ದಿಣ್ಣಿಗೆ ಹೊಟ್ಟಿ ಕುಲುಕ್ತೈತಿ, ಅದಕ್ಕ ಬರ್ತೈತಿ. ಅದರ ಮ್ಯಾಲ ಡೀಸೆಲ್ ವಾಸನಿ. ನೀರಿನ ಮ್ಯಾಲ ತಗ್ಗು ಅದಾವೇನು? ಡೀಸೆಲ್ ಐತೇನು? ಇಸ್ತ್ರಿ ಹಾಕಿದ ಬಟ್ಟಿ ಇದ್ದಂಗ ಇರ್ತೈತಿ ನೀರು."

ನಮಗೆಲ್ಲ ಅದು ನಿಜವೆನ್ನಿಸಿತು. ಕೊಡದ ನೀರು, ತೊಟ್ಟಿಯ ನೀರು, ಬಾವಿಯ ನೀರು, ನಾವು ಕಂಡ ನೀರೆಲ್ಲ ಸಮನಾಗಿಯೇ ಇತ್ತು. ಅಪ್ಪನ ಬುದ್ಧಿಗೆ ನಾನಂತೂ ಬೆರಗಾದೆ. ಇಷ್ಟು ಸುಲಭದ ಉಪಾಯ ಇಡೀ ರಾಯದುರ್ಗದಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲವಲ್ಲ ಎಂದು ಹೆಮ್ಮೆಯೂ ಆಯಿತು.

ಹಾಗಿದ್ದರೂ ಜೋಪಾನಕ್ಕೆಂದು ಮನೆಯವರೆಲ್ಲ ತಲೆಗೊಂದು ಮದ್ದು ಹುಡುಕಿದರು. ಅಪ್ಪ ಉಳಿದ ಖಾದಿ ತುಂಡುಗಳನ್ನು ನಾಲ್ಕು ಪದರ ಮಾಡಿ ಹೊಲಿದು, ಹೊಟ್ಟೆಗೆ ಬಿಗಿಯಾಗಿ ಕಟ್ಟಿಕೊಳ್ಳುವ ಪಟ್ಟಿಯೊಂದನ್ನು ತಯಾರಿಸಿದ. ಹೊಟ್ಟೆ ಅಲುಗಾಡದಿದ್ದರೆ ವಾಂತಿ ಬರುವುದಾದರೂ ಹೇಗೆ ಎಂಬುದು ಅವನ ಲೆಕ್ಕ. ಅಭ್ಯಾಸವಾಗಲಿ ಎಂದು ಅಕ್ಕನನ್ನು ಪಂಚಮಿಯ ಜೋಕಾಲಿಯಲ್ಲಿ ಕೂರಿಸಿ ಮೆಲ್ಲಗೆ ತೂಗಿದ. ಅಕ್ಕ ಇಳಿದವಳೇ ಬೇವಿನ ಮರದ ಬುಡಕ್ಕೆ ಓಡಿದಳು. ಅಲ್ಲಿಗೆ ಅಭ್ಯಾಸ ಮುಗಿಯಿತು.

ಹೊರಡುವ ದಿನಕ್ಕೆ ಮುಂಚೆಯೇ ನಾವು ದಡದ ಹತ್ತಿರದ ನಂಟರ ಊರು ಸೇರಿಕೊಂಡೆವು. ಬಂಡಿಯಲ್ಲಿ ನಾವು ಕೂತರೆ, ಅಕ್ಕ ದಾರಿಯ ಹೆಚ್ಚು ಪಾಲನ್ನು ಬಂಡಿಯ ಹಿಂದೆ ನಡೆದೇ ಬಂದಳು. ಮಾರನೆಯ ಬೆಳಿಗ್ಗೆ ಅವ್ವ ಅವಳಿಗೆ ತಲೆಗೆ ನೀರೆರೆದು, ಹಸಿರು ಸೀರೆ ಉಡಿಸಿ, ಹೊಟ್ಟೆಯ ಪಟ್ಟಿ ಬಿಗಿದು, ಉಡಿ ತುಂಬಿದಳು. ಆಮೇಲೆ ಊಟಕ್ಕೆ ಕೂರಿಸಿದಳು. ಹೋಳಿಗೆ, ಅದರ ಮೇಲೆ ತುಪ್ಪ, ಹಬ್ಬಕ್ಕೆ ಕಟ್ಟಿದ ಎಳ್ಳಿನ ಉಂಡೆ, ಕೊನೆಗೆ ಮೊಸರನ್ನ. ಅಕ್ಕ ಬೇಡವೆಂದು ಕೈ ಅಡ್ಡ ಹಿಡಿದರೆ ಅವ್ವ ಕೇಳಲಿಲ್ಲ. "ಖಾಲಿ ಚೀಲ ಅಲುಗಾಡ್ತೈತಿ, ತುಂಬಿದ ಚೀಲ ಇಟ್ಟಲ್ಲೇ ಕುಂದರ್ತೈತಿ. ಉಣ್ಣು" ಎಂದಳು. ಮಕ್ಕಳೇ, ಪ್ರಯಾಣಕ್ಕೆ ಹೊರಡುವಾಗ ಏನೇನು ಮಾಡಬಾರದೋ ಅಷ್ಟನ್ನೂ ಆ ದಿನ ನಮ್ಮ ಮನೆಯವರು ಪ್ರೀತಿಯಿಂದ ಮಾಡಿದರು.

ಇನ್ನೊಂದು ಕಟ್ಟಳೆಯೂ ಇತ್ತು. ಉಡಿ ತುಂಬಿಸಿಕೊಂಡ ಹೆಣ್ಣು ತುಂಬಿದ ನೀರನ್ನು ನೋಡಬಾರದು. ಗಂಗಮ್ಮನೂ ತುಂಬಿದವಳು, ಇವಳೂ ತುಂಬಿದವಳು, ಇಬ್ಬರ ಕಣ್ಣು ಕೂಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಾಗಿ ಅವ್ವ ಅಕ್ಕನ ಸೆರಗನ್ನು ತಲೆಯ ಮೇಲಿಂದ ಗಲ್ಲದವರೆಗೂ ಎಳೆದು ಮುಸುಕು ಹಾಕಿದಳು. "ಆಚಿ ದಂಡಿ ಮುಟ್ಟೋತನಕ ತೆಗೀಬ್ಯಾಡ. ಅಲ್ಲಿ ನೋಡೋರು ಇರ್ತಾರ" ಎಂದಳು. ಅಕ್ಕ ಮುಸುಕಿನೊಳಗಿಂದಲೇ ತಲೆಯಾಡಿಸಿದಳು. ಅವಳ ಅಂಗೈಯಲ್ಲಿ ಒಂದು ನಿಂಬೆಹಣ್ಣು ಇತ್ತು. ಅದನ್ನು ಮೂಸಿ ಮೂಸಿ ಅದರ ವಾಸನೆಯೇ ಹೋಗಿಬಿಟ್ಟಿತ್ತೇನೋ.

ಹರಿಗೋಲನ್ನು ಕಂಡಾಗ ನನಗೆ ನಿರಾಸೆಯಾಯಿತು. ದೊಡ್ಡದೊಂದು ಬಿದಿರು ಬುಟ್ಟಿಗೆ ತೊಗಲು ಹೊದಿಸಿದ್ದರು, ಅಷ್ಟೇ. ಹಸಿ ತೊಗಲಿನ ವಾಸನೆ, ಮೀನಿನ ವಾಸನೆ, ಕೆಸರಿನ ವಾಸನೆ ಒಟ್ಟಿಗೆ ಬಂತು. ಅವ್ವ ಅದನ್ನು ಒಂದು ಸುತ್ತು ನೋಡಿ, "ಈ ಬುಟ್ಟಿ ನಾ ಹತ್ತಂಗಿಲ್ಲ" ಎಂದು ದಡದಲ್ಲೇ ಉಳಿದಳು. ಆಕಾಶದಲ್ಲಿ ಮೋಡ, ಶ್ರಾವಣದ ಗಾಳಿ. ಕೆಂಪು ನೀರು ಕಣ್ಣು ಹೋದಷ್ಟು ದೂರ ಇತ್ತು. ಅದು ಇಸ್ತ್ರಿ ಹಾಕಿದ ಬಟ್ಟೆಯಂತೆ ಇರಲಿಲ್ಲ. ಗಾಳಿಗೆ ಎದ್ದು ಬೀಳುತ್ತಿತ್ತು. ಅಪ್ಪ ಅದನ್ನು ನೋಡಿದ. ಕೊಡೆಯನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡ.

ಹರಿಗೋಲು ನಡೆಸುವವನು ತೆಲುಗಿನವನು. ನಮ್ಮನ್ನು ತಳದಲ್ಲಿ ಗೋಣಿಚೀಲದ ಮೇಲೆ ಕೂರಿಸಿ, ಒಂದೇ ಹುಟ್ಟಿನಿಂದ ದಡ ತಳ್ಳಿದ. ಅಕ್ಕ ಎರಡೂ ತೋಳಿನಿಂದ ಉಡಿಯನ್ನು ತಬ್ಬಿಕೊಂಡು ಕೂತಳು. ಅಪ್ಪ ಎದುರಿಗೆ, ಕೊಡೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು. ನಾನು ಅಕ್ಕನ ಪಕ್ಕ. ಸ್ವಲ್ಪ ದೂರ ಎಲ್ಲ ಚೆನ್ನಾಗಿಯೇ ಇತ್ತು. ತೊಗಲಿನ ಕೆಳಗೆ ನೀರು ಗುಳುಗುಳು ಎನ್ನುವುದು ನನ್ನ ಕುಂಡೆಗೆ ತಿಳಿಯುತ್ತಿತ್ತು, ನನಗೆ ನಗು ಬಂತು. "ನೋಡಿದ್ಯಾ, ತಗ್ಗಿಲ್ಲ ದಿಣ್ಣಿಲ್ಲ" ಎಂದು ಅಪ್ಪ ಅಕ್ಕನಿಗೆ ಹೇಳಿದ. ಅವನ ದನಿ ತುಸು ಸಣ್ಣಗಾಗಿತ್ತು.

ನಡುನೀರಿಗೆ ಬರುವಷ್ಟರಲ್ಲಿ ಗಾಳಿ ಜೋರಾಯಿತು. ಬಂಡಿ ಕುಲುಕಿದರೆ ಮೇಲೆ ಕೆಳಗೆ ಕುಲುಕುತ್ತದೆ. ಹರಿಗೋಲು ಹಾಗಲ್ಲ. ಅದು ಏಳುತ್ತಿತ್ತು, ಜಾರುತ್ತಿತ್ತು, ಜಾರುವಾಗಲೇ ಗಿರ್ರನೆ ತಿರುಗುತ್ತಿತ್ತು. ಒಮ್ಮೆ ಡ್ಯಾಮಿನ ಗೋಡೆ ಕಾಣಿಸಿದರೆ ಮರುಗಳಿಗೆಗೆ ಅವ್ವ ನಿಂತ ದಡ ಕಾಣುತ್ತಿತ್ತು. ಅಪ್ಪನ ಹಣೆಯ ಮೇಲೆ ಬೆವರು ಮೂಡಿತು. ಜೀವಮಾನವೆಲ್ಲ ಒಂದೇ ಜಾಗದಲ್ಲಿ ಕೂತು ಮಷೀನು ತುಳಿದ ಮನುಷ್ಯ ಅವನು, ಬಸ್ಸು ಹತ್ತಿದ್ದೂ ಅಪರೂಪ. ತನಗೂ ಹೀಗೆ ಆಗಬಹುದು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಇದ್ದಕ್ಕಿದ್ದಂತೆ ಎದ್ದು ಅಂಚಿಗೆ ಬಗ್ಗಲು ಹೋದ. ಹರಿಗೋಲು ವಾಲಿತು, ಒಂದು ಬೊಗಸೆಯಷ್ಟು ನೀರು ಒಳಗೆ ಹಾರಿತು.

"ಕದಲಕಂಡಿ, ಕದಲಕಂಡಿ," ಎಂದು ಹುಟ್ಟು ಹಾಕುವವನು ಕೂಗಿದ. ಅಲುಗಾಡಬೇಡಿ ಎಂದು ಅದರರ್ಥ. ಅಪ್ಪ ಧೊಪ್ಪನೆ ಕೂತ. ಬೇರೆ ದಾರಿ ಕಾಣದೆ ಕೊಡೆಯನ್ನು ಅರ್ಧ ಬಿಚ್ಚಿ, ಅದರೊಳಗೇ ಎಲ್ಲವನ್ನೂ ಕಾರಿಕೊಂಡ. ಕಾರಿಕೊಂಡ ಮೇಲೆ ಗೋಣಿಯ ಮೇಲೆ ಒರಗಿ ಕಣ್ಣು ಮುಚ್ಚಿದ. ಮನೆಯಲ್ಲಿ ಎಲ್ಲದಕ್ಕೂ ಉತ್ತರ ಇದ್ದ ನನ್ನ ಅಪ್ಪ ಹಾಗೆ ಬಿದ್ದುದನ್ನು ಕಂಡು ನನಗೆ ಅಳು ಬಂತು. ದಡ ಯಾವ ಕಡೆಗೂ ಹತ್ತಿರವಿರಲಿಲ್ಲ.

ಆ ವಾಸನೆ ಮುಸುಕಿನೊಳಗೆ ಹೋಗಿರಬೇಕು. ಅಕ್ಕ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಬಳೆಗಳು ನನ್ನ ಮೂಳೆಗೆ ಒತ್ತಿದವು. ಅವಳು ಗುಟುಕರಿಸುವುದು, ಮತ್ತೆ ಮತ್ತೆ ಗುಟುಕರಿಸುವುದು ನನಗೆ ಕೇಳುತ್ತಿತ್ತು. ಹಸಿರು ಸೆರಗು ಬೆವರಿಗೆ ಅವಳ ಮುಖಕ್ಕೆ ಅಂಟಿತ್ತು.

"ತಡಕೊಳ್ಳಾಕ ಆಗವಲ್ದೋ ತಮ್ಮಾ," ಎಂದಳು. "ಉಡಿ ಹೋತು."

ನಾನು ಏನು ಮಾಡಬೇಕಿತ್ತು? ಅಪ್ಪ ಕಣ್ಣು ತೆಗೆಯುತ್ತಿರಲಿಲ್ಲ. ಉಡಿಯನ್ನು ನಾನು ಹಿಡಿಯೋಣವೆಂದರೆ ಬಿಚ್ಚುವ ಹಾಗಿಲ್ಲ. ಅಕ್ಕ ಮತ್ತೆ ಮುಸುಕಿನೊಳಗಿಂದಲೇ ಕೇಳಿದಳು: "ಆಚಿ ದಂಡಿಮ್ಯಾಲ ಯಾರರ ನಿಂತಾರೇನು, ನೋಡು."

ನಾನು ಕತ್ತು ಚಾಚಿ ನೋಡಿದೆ. ದೂರದಲ್ಲಿ ಕಂದು ದಡ, ಜಾಲಿ ಮರಗಳು, ಮರಗಳ ಮುಂದೆ ಒಂದು ಬಿಳಿ ಚುಕ್ಕಿ. "ಯಾರೋ ಬೆಳ್ಳಗ ನಿಂತಾರ" ಎಂದೆ.

ಅಕ್ಕ ಮುಸುಕು ತೆಗೆದಳು. ಅವ್ವನ ಮಾತು, ಹಿರಿಯರ ಕಟ್ಟಳೆ, ಎಲ್ಲವನ್ನೂ ಒಂದೇ ಕೈಯಿಂದ ಹಿಂದಕ್ಕೆ ತಳ್ಳಿದಳು. ಗಾಳಿ ಅವಳ ಮುಖಕ್ಕೆ ಬಡಿಯಿತು. ತುಟಿಗಳು ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದವು. ಕಣ್ಣು ಕಿರಿದು ಮಾಡಿ ಆ ಚುಕ್ಕಿಯನ್ನು ನೋಡಿದಳು. ಭಾವ ಯಾವಾಗಲೂ ಬಿಳಿ ಅಂಗಿ, ಬಿಳಿ ಪಂಚೆಯಲ್ಲೇ ಇರುತ್ತಿದ್ದರು. "ನಿಮ್ಮ ಭಾವ ಬಂದಾರೋ," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅಷ್ಟು ದಿನಗಳಲ್ಲಿ ಅವಳ ದನಿಯಲ್ಲಿ ಮೊದಲ ಸಲ ಜೀವ ಇತ್ತು.

ಅಲ್ಲಿಂದ ಮುಂದೆ ಅವಳು ಆ ಚುಕ್ಕಿಯನ್ನು ಬಿಡಲಿಲ್ಲ. ಹರಿಗೋಲು ಬಲಕ್ಕೆ ತಿರುಗಿದರೆ ಅವಳ ಕತ್ತು ಎಡಕ್ಕೆ ತಿರುಗುತ್ತಿತ್ತು. ಚುಕ್ಕಿ ಪೂರ್ತಿ ಬೆನ್ನ ಹಿಂದಾದರೆ ಈ ಭುಜದಿಂದ ಆ ಭುಜಕ್ಕೆ ಥಟ್ಟನೆ ಹೊರಳಿಸಿ ಮತ್ತೆ ಅದನ್ನೇ ಹಿಡಿಯುತ್ತಿದ್ದಳು. ಕೆಳಗೆ ಎದ್ದು ಬೀಳುವ ನೀರಿನ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಗುಟುಕರಿಸುವುದು ಕಡಿಮೆಯಾಯಿತು. ಉಸಿರು ಉದ್ದವಾಯಿತು. ನನ್ನ ಮಣಿಕಟ್ಟಿನ ಹಿಡಿತ ಮಾತ್ರ ಸಡಿಲಾಗಲಿಲ್ಲ. ಹೊಟ್ಟೆ ತುಂಬ ಹೋಳಿಗೆ, ಅದರ ಮೇಲೆ ಬಿಗಿದ ಪಟ್ಟಿ, ಮುಂದೆ ಅಪ್ಪನ ಕೊಡೆ, ಇಷ್ಟೆಲ್ಲ ಇದ್ದೂ ಅವಳು ಕಾರಿಕೊಳ್ಳಲಿಲ್ಲ. ಅದು ಹೇಗೆಂದು ಆಗ ನಮಗೆ ಯಾರಿಗೂ ಗೊತ್ತಾಗಲಿಲ್ಲ.

ದಡ ಹತ್ತಿರವಾಯಿತು. ಬಿಳಿ ಚುಕ್ಕಿಗೆ ಕೈಕಾಲು ಮೂಡತೊಡಗಿದವು. ಆಗ ಆ ಆಕೃತಿ ಇದ್ದಕ್ಕಿದ್ದಂತೆ ನಮಗೆ ಬೆನ್ನು ತಿರುಗಿಸಿತು. ನಾಲ್ಕು ಹೆಜ್ಜೆ ನಡೆದು ಜಾಲಿ ಮರದ ಆಚೆಗೆ ಹೋಗಿ, ಆ ಕಡೆ ಮುಖ ಮಾಡಿಯೇ ನಿಂತಿತು.

ಅಕ್ಕನ ಕೈ ಆಗ ನನ್ನ ಮಣಿಕಟ್ಟನ್ನು ಬಿಟ್ಟಿತು. "ನನ್ನ ನೋಡಿ ಮಾರಿ ತಿರುವಿದ್ರು" ಎಂದಳು. ಅಳಲಿಲ್ಲ. ಉಡಿಯನ್ನು ಸರಿಮಾಡಿಕೊಂಡು, ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡಳು. ಆ ದಿನ ನಾನು ಕಂಡ ದುಃಖಗಳಲ್ಲಿ ಅದೇ ದೊಡ್ಡದು. ನನ್ನಿಂದ ಅದಕ್ಕೆ ಏನೂ ಮಾಡಲಾಗಲಿಲ್ಲ.

ಹರಿಗೋಲು ಕೆಸರಿಗೆ ತಾಗಿತು. ಅಪ್ಪನನ್ನು ಹುಟ್ಟು ಹಾಕುವವನು ರಟ್ಟೆ ಹಿಡಿದು ಇಳಿಸಿದ. ಅಪ್ಪ ನೆಲದ ಮೇಲೆ ಕೂತು, ಎರಡೂ ಕೈಯಿಂದ ನೆಲವನ್ನು ಒತ್ತಿ ಹಿಡಿದುಕೊಂಡು, "ಭೂಮಿ ಇನ್ನೂ ತಿರಗಾಕ ಹತ್ತೈತಿ" ಎಂದ. ಅಕ್ಕ ಇಳಿದು ಜಾಲಿ ಮರದ ಕಡೆ ನಡೆದಳು. ನಾನು ಹಿಂದೆ ಹೋದೆ.

ಮರದ ಆಚೆ ನಿಂತಿದ್ದವರು ಭಾವ ಆಗಿರಲಿಲ್ಲ. ಬಿಳಿ ಸೀರೆಯ ಅತ್ತೆ.

ಅವರು ತಿರುಗದೆಯೇ ಮಾತಾಡಿದರು. "ಬಂಡಿ ಗಾಲಿ ಕೆಸರಿನ್ಯಾಗ ಹೂತೈತಿ. ನಿನ್ನ ಗಂಡ ಎತ್ತಾಕ ಹತ್ಯಾನ, ಈಗ ಬರ್ತಾನ. ನೀ ಬಂದ ಕೂಡಲೆ ಯಾರೂ ಕಾಣಲಿಲ್ಲ ಅಂದ್ರ ಅಂಜ್ತಿ ಅಂತ ನಾ ಮುಂಜಾಲಿಂದ ದಂಡಿಮ್ಯಾಲ ನಿಂತೆ. ಉಡಿ ತಗೊಂಡು ಬರೋಳ ಎದುರಿಗೆ ನಾ ಬರಬಾರದು. ಅದಕ್ಕ ಈ ಕಡೆ ಸರದೀನಿ."

ಮಕ್ಕಳೇ, ಗಂಡ ಸತ್ತ ಹೆಂಗಸು ಬಿಳಿ ಸೀರೆ ಉಡಬೇಕು, ಶುಭದ ಎದುರಿಗೆ ಬರಬಾರದು, ಅವಳ ಮುಖ ಮೊದಲು ಕಂಡರೆ ಕೆಟ್ಟದಾಗುತ್ತದೆ ಎಂದು ಆಗಿನ ಜನ ಮಾಡಿಟ್ಟಿದ್ದರು. ಮಾಡಿಟ್ಟವರಿಗೆ ತಾಯಿ ಇರಲಿಲ್ಲವೇನೋ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಮದುವೆಯ ಲಾರಿಯಲ್ಲಿ ಅಕ್ಕನ ಅತ್ತೆ ಮೂಲೆ ಹಿಡಿದು ಕೂತಿದ್ದೂ ಇದೇ ಕಾರಣಕ್ಕೆ. ತಮ್ಮ ಮಗನ ಮದುವೆಯಲ್ಲೇ ಅವರು ಯಾರ ಕಣ್ಣಿಗೂ ಬೀಳದಂತೆ ಇರಬೇಕಾಗಿತ್ತು.

ಅತ್ತೆ ಆ ಕಡೆ ಮುಖ ಮಾಡಿಯೇ ಕೇಳಿದರು: "ದೂರದಿಂದ ಕಂಡೆ. ಮುಸುಕು ತೆಗೆದಿದ್ದಿ. ನೀರು ನೋಡಿದ್ಯಾ?"

ಇನ್ನು ಅಕ್ಕನ ಕತೆ ಮುಗಿಯಿತು ಎಂದುಕೊಂಡೆ. ಅಕ್ಕ ಸೆರಗನ್ನು ಹಣೆಯ ಮೇಲಿಂದ ಸರಿಸಿದಳು.

"ನೀರು ನೋಡ್ಲಿಲ್ರಿ ಅತ್ತಿ," ಎಂದಳು. "ನಿಮ್ಮನ್ನ ನೋಡ್ಕೊಂತ ಬಂದೆ."

ಅಕ್ಕನೇ ಮತ್ತೆ ಹೇಳಿದಳು: "ನಡುನೀರಿನ್ಯಾಗ ಎಲ್ಲಾ ಮುಗೀತು ಅನಸ್ತು. ನೀವು ನಿಂತದ್ದು ಕಂಡಿತು. ನಿಮ್ಮ ಮ್ಯಾಲಿಂದ ಕಣ್ಣು ತೆಗೀಲಿಲ್ಲ. ಅದಕ್ಕ ಉಡಿ ಉಳೀತ್ರಿ."

ಅತ್ತೆ ಆಗ ತಿರುಗಿದರು. ಒಣಗಿದ, ಗಾಳಿಗೆ ಕಪ್ಪಾದ ಮುಖ. ಮೊದಲು ಉಡಿಯನ್ನು ನೋಡಿದರು, ಆಮೇಲೆ ಅಕ್ಕನ ಮುಖವನ್ನು. "ನನ್ನ ಮಾರಿ ನೋಡಿದ್ರ ಒಳ್ಳೇದಾತು ಅಂತ ಇಲ್ಲಿತನಕ ಯಾರೂ ಅಂದಿದ್ದಿಲ್ಲವ್ವ" ಎಂದರು. ತಮ್ಮ ಬಿಳಿ ಸೆರಗಿನಿಂದ ಅಕ್ಕನ ಮುಖದ ಬೆವರನ್ನೂ ನೀರಿನ ಹನಿಗಳನ್ನೂ ಒರೆಸಿದರು. ಆಮೇಲೆ ಒಂದು ಕೈಯನ್ನು ಉಡಿಯ ಕೆಳಗೆ ಆಸರೆ ಕೊಟ್ಟು, ಬಂಡಿ ಬರುವ ದಾರಿಯ ಕಡೆ ಅವಳನ್ನು ನಡೆಸಿಕೊಂಡು ಹೊರಟರು. ಉಡಿ ಜೋಪಾನ ಎಂದು ಅವರು ಹೇಳಿ ಕಳಿಸಿದ್ದು ಬೆದರಿಕೆಯಾಗಿರಲಿಲ್ಲ, ಊರಿನ ಬಾಯಿಗೆ ಇವಳು ಮತ್ತೆ ಸಿಕ್ಕಬಾರದು ಎಂಬ ಚಿಂತೆಯಾಗಿತ್ತು. ಅದು ನಮಗೆ ತಿಳಿಯಲು ಒಂದು ಹೊಳೆ ದಾಟಬೇಕಾಯಿತು.

ನಡೆಯುತ್ತಾ ಅಕ್ಕ ಒಮ್ಮೆ ಹಿಂದೆ ತಿರುಗಿ ನನ್ನ ಕಡೆ ನೋಡಿದಳು. ಹರಿಗೋಲಿನಲ್ಲಿ ಅವಳು ನನ್ನ ಕಿವಿಯಲ್ಲಿ ಹೇಳಿದ ಮಾತು ನಮ್ಮಿಬ್ಬರಿಗೇ ಗೊತ್ತು. ನಾನು ತುಟಿ ಬಿಗಿಹಿಡಿದೆ. ಅಕ್ಕ ಆಡಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆದರೆ ಅತ್ತೆ ಬದುಕಿರುವವರೆಗೂ ಅವಳು ಆ ಮಾತನ್ನು ಪೂರ್ತಿ ನಿಜ ಮಾಡಿಯೇ ತೋರಿಸಿದಳು. ಆ ಮನೆಯಲ್ಲಿ ಮುಂದೆ ಯಾವ ಶುಭಕಾರ್ಯವಾದರೂ ಅತ್ತೆ ಮುಂದೆ ನಿಲ್ಲದೆ ಅಕ್ಕ ಶುರುಮಾಡುತ್ತಿರಲಿಲ್ಲ. ಇನ್ನು ಅಪ್ಪ, ಹಿಂದಿರುಗುವಾಗ ಹರಿಗೋಲಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬಸ್ಸಿನಲ್ಲಿ ಊರೂರು ಸುತ್ತಿ ನನ್ನನ್ನು ಮನೆಗೆ ಕರೆತಂದ. ಕೊಡೆಯನ್ನು ಅಲ್ಲೇ ಬಿಟ್ಟು ಬಂದ.

ಈಗ ನಾನು ಮಡಕಶಿರಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಈ ರಜೆಯಲ್ಲಿ ಮಗಳು ಅಳಿಯ ಸೇರಿ, ಮೊಮ್ಮಗಳನ್ನೂ ನನ್ನನ್ನೂ ಚೆನ್ನೈ ಬಂದರಿನಿಂದ ದೊಡ್ಡ ಹಡಗಿನಲ್ಲಿ ಪ್ರವಾಸಕ್ಕೆ ಕರೆದುಕೊಂಡು ಹೋದರು. ಹಡಗೇ ಅದು? ನಮ್ಮ ಬಜಾರನ್ನೂ ಬಸ್‌ಸ್ಟ್ಯಾಂಡನ್ನೂ ಒಳಗಿಟ್ಟರೂ ಇನ್ನೂ ಜಾಗ ಉಳಿಯುತ್ತಿತ್ತು. ಲಿಫ್ಟು, ಈಜುಕೊಳ, ಸಿನಿಮಾ. ಆದರೂ ಎರಡನೆಯ ದಿನ ಸಮುದ್ರ ಎದ್ದಿತು, ನನ್ನ ಮೊಮ್ಮಗಳ ಮುಖ ಅಕ್ಕನ ಮುಖದಂತೆಯೇ ಬಿಳಿಚಿತು. ಆ ಮುಖವನ್ನು ನಾನು ಅಷ್ಟು ವರ್ಷಗಳ ನಂತರವೂ ಗುರುತು ಹಿಡಿದೆ.

ಅವಳಿಗೆ ಎಲ್ಲವೂ ಇತ್ತು. ಹತ್ತುವ ಮೊದಲೇ ನುಂಗಿಸಿದ ಮಾತ್ರೆ, ಮಣಿಕಟ್ಟಿಗೆ ಒತ್ತುವ ಪಟ್ಟಿ, ಶುಂಠಿ ಮಿಠಾಯಿ. ಹಡಗಿನ ಡಾಕ್ಟರು ಬಂದು ನೋಡಿದರು. ಹೊಟ್ಟೆ ತುಂಬ ತಿನ್ನಿಸಬೇಡಿ, ಖಾಲಿಯೂ ಬಿಡಬೇಡಿ, ಕೋಣೆಯಲ್ಲಿ ಫೋನು ನೋಡುತ್ತಾ ಮಲಗಿದರೆ ಇನ್ನೂ ಹೆಚ್ಚಾಗುತ್ತದೆ, ಗಾಳಿಗೆ ಕರೆದುಕೊಂಡು ಹೋಗಿ, ಅಲುಗಾಡದ ದೂರದ ಒಂದನ್ನು ನೋಡುತ್ತಿರಲಿ ಎಂದರು. ಅವರು ಹೇಳುವುದನ್ನು ಕೇಳುತ್ತಾ ನನಗೆ ಅವ್ವನ ಹೋಳಿಗೆ, ಅಪ್ಪನ ಪಟ್ಟಿ, ಹಸಿರು ಮುಸುಕು ಎಲ್ಲ ಸಾಲಾಗಿ ನೆನಪಾದವು. ಪಾಪ, ನಮ್ಮವರಿಗೆ ಯಾರೂ ಹೇಳಿರಲಿಲ್ಲ.

ಮೊಮ್ಮಗಳನ್ನು ಹಡಗಿನ ತೆರೆದ ಮೇಲಟ್ಟಕ್ಕೆ ಕರೆದುಕೊಂಡು ಹೋಗಿ, ಕಂಬಿಯ ಪಕ್ಕ ಕೂರಿಸಿ, ಆಕಾಶವೂ ನೀರೂ ಸೇರುವ ಗೆರೆಯನ್ನು ತೋರಿಸಿದೆ. ಅವಳು ನೋಡಿದಳು. "ತಾತ, ಅಲ್ಲಿ ಏನೂ ಇಲ್ಲ. ಯಾರೂ ಇಲ್ಲ. ಯಾರನ್ನ ನೋಡ್ಲಿ?" ಎಂದಳು.

ನಮ್ಮ ಕಾಲದಲ್ಲಿ ಮಾತ್ರೆ ಇರಲಿಲ್ಲ, ಡಾಕ್ಟರು ಇರಲಿಲ್ಲ, ತಿಳಿವಳಿಕೆ ಇರಲಿಲ್ಲ. ಆದರೆ ಹೊರಟವರು ಬಂದು ಮುಟ್ಟುವವರೆಗೂ ಆಚೆ ದಡದಲ್ಲಿ ಬೆಳಗಿನಿಂದ ಒಬ್ಬರು ನಿಂತಿರುತ್ತಿದ್ದರು. ಈಗ ಫೋನಿನಲ್ಲಿ ಎಲ್ಲಿದ್ದೀರೆಂದು ಕೂತಲ್ಲೇ ಕಾಣುತ್ತದೆ. ನಿಲ್ಲುವ ಕೆಲಸ ಯಾರಿಗೂ ಬೀಳುವುದಿಲ್ಲ. ಅಕ್ಕ ಈಗಿಲ್ಲ, ಅಪ್ಪ ಅವ್ವ ಇಲ್ಲ, ಆ ಅತ್ತೆಯೂ ಇಲ್ಲ. ಆ ಖಾಲಿ ಗೆರೆಯನ್ನು ನೋಡುತ್ತಾ ನನಗೆ ಅವರೆಲ್ಲ ಬೇಕೆನಿಸಿತು. ಮೊಮ್ಮಗಳ ಕೈಗೆ ನನ್ನ ಮಣಿಕಟ್ಟನ್ನು ಕೊಟ್ಟು ಕೂತೆ. ಅವಳು ಆ ಗೆರೆಯನ್ನೇ ನೋಡುತ್ತಾ, ನಡುನಡುವೆ ಗುಟುಕರಿಸುತ್ತಾ, ಹೇಗೋ ದಿನ ಕಳೆದಳು.

ಹಡಗು ಮತ್ತೆ ಚೆನ್ನೈ ಕಡೆ ತಿರುಗಿ, ದಡ ಕಂಡೂ ಕಾಣದಂತೆ ಮೂಡಿದಾಗ ಅವಳು ಇದ್ದಕ್ಕಿದ್ದಂತೆ ಎದ್ದು ಕೂತಳು.

"ತಾತ, ಅಲ್ನೋಡು, ಬೆಳ್ಳಗೆ. ಯಾರೋ ನಿಂತವ್ರೆ. ನಮಗೋಸ್ಕರಾನಾ?"

ನನ್ನ ಮುದಿಕಣ್ಣಿಗೆ ಅದು ಮನುಷ್ಯರೋ, ಸುಣ್ಣ ಬಳಿದ ಕಂಬವೋ ತಿಳಿಯಲಿಲ್ಲ.

"ಹೂಂ ಪುಟ್ಟಿ, ನಿನಗಂತನ ನಿಂತಾರ," ಎಂದೆ. "ಅವರನ್ನ ನೋಡ್ಕೊಂತ ಇರು."